ಕಾರಿನಡಿಯ ಕತ್ತರಿ

"ಏಯ್ ಅಮ್ಮಾ, ಬೈಟಿಕಿ ರಾ! ಹೊರಗ ಬಾ ಅಂದ್ರ ಕೇಳಂಗಿಲ್ಲೇನು?"

ಕಾನ್‌ಸ್ಟೇಬಲ್ಲು ಲಾಠಿಯಿಂದ ಕಾರಿನ ಬಾಗಿಲಿಗೆ ಬಡಿದ. ಆದವಾನಿ ಪೊಲೀಸ್ ಠಾಣೆಯ ಹಿತ್ತಲಲ್ಲಿ, ಬೇವಿನ ಮರದ ಕೆಳಗೆ ನಿಲ್ಲಿಸಿದ್ದ ಆ ನಜ್ಜುಗುಜ್ಜಾದ ಕಾರಿನಡಿಯಿಂದ ಎರಡು ಕಾಲು ಮಾತ್ರ ಹೊರಗೆ ಚಾಚಿದ್ದವು. ಕಾಲಲ್ಲಿ ಬೆಳ್ಳಿ ಕಡಗ, ಹಿಮ್ಮಡಿಗೆ ಮೆತ್ತಿದ ಗ್ರೀಸು.

"ಲಾಠಿ ಜ್ವಾಕಿ," ಅಡಿಯಿಂದ ಹೆಂಗಸಿನ ದನಿ ಬಂತು. "ಇದು ಸಾವಿನ ಕೇಸಿನ ಸಾಕ್ಷಿ. ನೀ ಬಡಿದು ತಗ್ಗು ಮಾಡಿದ್ರ ಅದನ್ನೂ ನಮ್ಮ ಮೌಲಾಲಿ ತಲಿಗೆ ಕಟ್ತಾರ."

ಹತ್ತಿ ಪ್ರೆಸ್ಸಿನ ಯಜಮಾನ ಯರ್ರೆಪ್ಪ ಆಸ್ಪರಿ ರಸ್ತೆಯ ತಿರುವಿನಲ್ಲಿ ಇದೇ ಕಾರು ಉರುಳಿ ಸತ್ತಿದ್ದ. ಆ ಕಾರಿನ ಚಾಸಿ, ಅಂದರೆ ಅಡಿಯ ಚೌಕಟ್ಟು, ಬಿಗಿದುಕೊಟ್ಟಿದ್ದ ಮಿಸ್ತ್ರಿ ಮೌಲಾಲಿ ಇದೇ ಠಾಣೆಯ ಲಾಕಪ್ಪಿನಲ್ಲಿದ್ದ. ಮೌಲಾಲಿ ಕೆಲಸಕ್ಕಿದ್ದ ಷೆಡ್ಡಿನ ಒಡತಿ ವೀರಬಸಮ್ಮ ಈಗ ಕಾರಿನಡಿ ಮಲಗಿದ್ದಳು. ಅಪ್ಪ ಸತ್ತ ಮೇಲೆ ಷೆಡ್ಡು ಮುಚ್ಚುತ್ತಾಳೆ ಎಂದು ಸ್ಟೇಷನ್ ರಸ್ತೆಯವರೆಲ್ಲ ಕಾದಿದ್ದರು. ಆಕೆ ಬೋರ್ಡಿನ ಮೇಲೆ ಅಪ್ಪನ ಹೆಸರು ಅಳಿಸಿ ತನ್ನದನ್ನು ಬರೆಸಿದ್ದಳು.

ಅಡಿಯಲ್ಲಿ ಬೆಳಕು ಸಾಲದು. ಆಕೆ ಬೆರಳಿನಿಂದಲೇ ತಡವುತ್ತ ಹೋದಳು.

ಆ ಕಾರಿನ ಹಳೆಯ ರೋಗ ಆಕೆಗೆ ಗೊತ್ತಿತ್ತು. ಉದ್ದನೆಯ ವಿಲಾಯತಿ ಕಾರು, ಅದರ ಚಾಸಿಯ ಎರಡು ತೊಲೆಗಳು ಆಸ್ಪರಿ ರಸ್ತೆಯ ಗಾಲಿಜಾಡುಗಳಲ್ಲಿ ನುಲಿಕೆ ಸಡಿಲಾದ ಮಂಚದ ಹಾಗೆ ತಿರುಚಿಕೊಳ್ಳುತ್ತಿದ್ದವು. ತಿರುವಿನಲ್ಲಿ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು. ಹಿಂಭಾಗ ಒಂದು ಕಡೆ, ಮುಂಭಾಗ ಒಂದು ಕಡೆ. "ನಾ ತಿರುಗಿಸಿದ ಕಡಿಗೆ ಹೋಗಬೇಕವ್ವಾ ಕಾರು. ತನಗ ತಿಳಿದ ಕಡಿಗೆ ಅಲ್ಲ," ಎಂದು ಯರ್ರೆಪ್ಪ ಬಂದು ಕೂತಿದ್ದ.

ಹಾಗಾಗಿ ಎರಡು ತೊಲೆಗಳ ನಡುವೆ ಕತ್ತರಿಯಾಕಾರದಲ್ಲಿ ದಪ್ಪ ಉಕ್ಕಿನ ಪಟ್ಟಿ ಹಾಕಿದರು. ಷೆಡ್ಡಿನಲ್ಲಿ ಅದಕ್ಕೆ ಕತ್ತರಿ ಎಂದೇ ಹೆಸರಾಯಿತು. ಹಿಂದಿನ ಆಕ್ಸಲ್ಲು ಪಕ್ಕಕ್ಕೆ ಜಾರದಂತೆ ಕತ್ತರಿಯ ಎಡಗಾಲಿನಿಂದ ಒಂದು ಅಡ್ಡ ಸಲಾಕೆ. ಸ್ಪ್ರಿಂಗಿಗೆ ಒಂದು ಪಟ್ಟಿ ಹೆಚ್ಚು, ಶಾಕ್ ಅಬ್ಸಾರ್ಬರ್ ಹೊಸವು. ಮೊದಲ ಸಲ ಓಡಿಸಿ ಬಂದ ದಿನ ಯರ್ರೆಪ್ಪ ಕಾರಿನಿಂದ ಇಳಿಯದೆ ಸ್ಟೇರಿಂಗನ್ನು ತಟ್ಟುತ್ತ ನಕ್ಕಿದ್ದ.

ಕತ್ತರಿಯ ಬಲಗಾಲು ಸರಿಯಾಗಿತ್ತು. ರಿವಿಟ್ಟಿನ ತಲೆಗಳು ದುಂಡಗೆ, ಒತ್ತಾಗಿ, ಮೌಲಾಲಿಯ ಸುತ್ತಿಗೆ ಬಿದ್ದ ಹಾಗೇ ಇದ್ದವು.

ಎಡಗಾಲಿನತ್ತ ಕೈ ಹೋಯಿತು. ಅಲ್ಲಿ ಕಾಲು ಕಳಚಿ ಜೋತುಬಿದ್ದಿತ್ತು. ರಿವಿಟ್ಟು ಒಂದೂ ಇರಲಿಲ್ಲ. ಇರಬೇಕಾದ ಜಾಗದಲ್ಲಿ ಎರೆಹುಳು ಹರಿದಂಥ ಉಬ್ಬು ಬೆರಳಿಗೆ ತಗುಲಿತು. ಅದರ ಪಕ್ಕದಲ್ಲೇ ತೊಲೆ ಸೀಳಿತ್ತು.

ವೀರಬಸಮ್ಮ ಕೈ ಹಿಂದಕ್ಕೆಳೆದಳು. ಇನ್ನೊಮ್ಮೆ ತಡವಿದಳು. ಇದು ಗ್ಯಾಸ್ ವೆಲ್ಡಿಂಗು. ತನ್ನ ಷೆಡ್ಡಿನಲ್ಲಿ ಗ್ಯಾಸಿನ ಸಿಲಿಂಡರೇ ಇಲ್ಲ.

"ಇನ್ನೂ ಎಷ್ಟೊತ್ತು ಅದರ ಹೊಟ್ಟ್ಯಾಗ ಇರ್ತೀರಮ್ಮಾ?"

ಈ ದನಿ ಸಬ್ ಇನ್‌ಸ್ಪೆಕ್ಟರ್ ಉರುಕುಂದಪ್ಪನದು. ಆಕೆ ಜಾರಿಕೊಂಡು ಹೊರಗೆ ಬಂದಳು. ಕಚ್ಚೆ ಹಾಕಿದ ಸೀರೆಗೆ ಅಂಟಿದ್ದ ಮಣ್ಣನ್ನು ಕೊಡವಲೂ ಇಲ್ಲ.

ಇನ್‌ಸ್ಪೆಕ್ಟರನ ಪಕ್ಕದಲ್ಲಿ ಸತ್ತವನ ತಮ್ಮ ನರಸಣ್ಣ ನಿಂತಿದ್ದ. ಬಿಳಿ ಧೋತರ, ನಿದ್ದೆಗೆಟ್ಟ ಕಣ್ಣು. ಅವನ ಹಿಂದೆ ಯರ್ರೆಪ್ಪನ ಮಗಳು ಆದಿಲಕ್ಷ್ಮಿ, ಸೆರಗನ್ನು ಹುಬ್ಬಿನ ತನಕ ಎಳೆದುಕೊಂಡು ನೆಲ ನೋಡುತ್ತಿದ್ದಳು. ಅಪ್ಪನ ಮೈಮೇಲಿದ್ದ ಉಂಗುರ, ರುಮಾಲು ತೆಗೆದುಕೊಂಡು ಹೋಗಲು ಚಿಕ್ಕಪ್ಪನ ಜೊತೆ ಬಂದಿದ್ದಳು.

"ಸಾಹೇಬ್ರ, ಇಲ್ಲಿ ಕೈ ಹಾಕಿ ನೋಡ್ರಿ," ವೀರಬಸಮ್ಮ ಎಂದಳು. "ನಮ್ಮ ರಿವಿಟ್ಟು ಕಿತ್ತು ಯಾರೋ ವೆಲ್ಡಿಂಗ್ ಮಾಡ್ಯಾರ. ಹಳೇ ಉಕ್ಕಿಗೆ ಬೆಂಕಿ ತಾಕಿದ್ರ ಪಕ್ಕದಾಗ ಪೆಡಸಾಗತೈತಿ, ಸೀಳತೈತಿ. ಅದಕ್ಕಽ ನಾವು ಚಾಸಿಗೆ ಬೆಂಕಿ ಮುಟ್ಟಸಂಗಿಲ್ಲ."

"ನೀನಽ ಹಾಕಿ, ನೀನಽ ಇಲ್ಲ ಅಂತಿ," ನರಸಣ್ಣ ಮುಂದೆ ಬಂದ. "ನಮ್ಮಣ್ಣನ ಕಾರು ಇಷ್ಟು ವರ್ಷ ಅಲುಗ್ಯಾಡ್ತಿತ್ತು ಖರೆ, ಉಳ್ಳಿರಲಿಲ್ಲ. ನೀವು ಬಿಗಿದ ಮ್ಯಾಲೆ ಉಳ್ಳಿತು."

"ಊರಾಗ ಗ್ಯಾಸಿನ ಸಿಲಿಂಡರ್ ಇರೋದು ನಿಮ್ಮ ಪ್ರೆಸ್ಸಿನ ವರ್ಕ್‌ಷಾಪಿನಾಗ, ಸಾವ್ಕಾರ್ರ."

"ಅದರ ಬಾಗಲ ಹಗಲೆಲ್ಲಾ ತೆರದಽ ಇರ್ತೈತಿ. ನಿಮ್ಮ ಮೌಲಾಲಿನೂ ಅಲ್ಲಿಗೆ ನೂರು ಸಲ ಬಂದಾನ."

ಉರುಕುಂದಪ್ಪ ಬಗ್ಗಿ ಕಾರಿನಡಿ ಕೈ ಹಾಕಿ ನೋಡಿದ. ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿ ಓಡಿಸಿದ್ದವನು ಅವನು, ಇಂಜಿನ್ನು ಗೇರು ಎಂದರೆ ಕಣ್ಣುಕಣ್ಣು ಬಿಡುವ ಪೈಕಿ ಅಲ್ಲ. ನಿಧಾನವಾಗಿ ಎದ್ದು ಕೈ ಒರೆಸಿಕೊಂಡ.

"ವೆಲ್ಡಿಂಗ್ ಐತಿ, ಒಪ್ಪಿದೆ. ಆದ್ರ ಯಾರು ಮಾಡಿದ್ರು ಅಂತ ಅದರ ಮ್ಯಾಲೆ ಹೆಸರು ಬರದಿಲ್ಲ. ಮೌಲಾಲಿ ಬಾಯಿ ಬಿಡಂಗಿಲ್ಲ. ಇನ್ನೊಂದು ಮಾತು ಕೇಳ್ರಿ. ಗಾಡಿ ಬಿಗಿ ಆದಷ್ಟೂ ನೆಲ ಬಿಡ್ತೈತಿ. ತಗ್ಗಿಗೆ ಬಿದ್ರ ಕಪ್ಪಿ ಕುಣದಂಗ ಕುಣೀತೈತಿ. ನಾ ಕಂಡೀನಿ."

"ಬರೇ ಸ್ಪ್ರಿಂಗ್ ಬಿಗಿದ್ರ ಕುಣೀತೈತ್ರಿ. ಚಾಸಿ ಗಟ್ಟಿ ಮಾಡಿ, ಸ್ಪ್ರಿಂಗ್ ಒಂಚೂರಽ ಬಿಗಿದು, ಜಿಗಿತ ತಡಿಯಾಕ ಶಾಕ್ ಅಬ್ಸಾರ್ಬರ್ ಹಾಕಿದ್ರ ಕುಣಿಯಂಗಿಲ್ಲ. ಬಾಯಿಲೆ ಯಾಕ ಹೇಳ್ಲಿ?" ಆಕೆ ಠಾಣೆಯ ಗೇಟಿನತ್ತ ಕೈ ಮಾಡಿದಳು. ಅಲ್ಲಿ ನರಸಣ್ಣನ ಹಸಿರು ಕಾರು ನಿಂತಿತ್ತು. "ಅಣ್ಣನ ಕಾರು ನೋಡಿ ಆಸಿ ಆಗಿ ಇವರೂ ಹಾಕಿಸ್ಕೊಂಡ್ರು. ಅದಽ ಕತ್ತರಿ, ಅದಽ ಸಲಾಕಿ. ದಿನಾ ಅದರಾಗ ತಿರುಗ್ತಾರ. ಕೀಲಿ ಕೊಡ್ರಿ. ಅದಽ ರಸ್ತಿ, ಅದಽ ತಿರುವು. ನೀವಿಬ್ರೂ ಕುಂದರ್ರಿ, ನಾ ಓಡಸ್ತೀನಿ. ಗಾಡಿ ನೆಲ ಬಿಟ್ರ ಮೌಲಾಲಿ ಪಕ್ಕದ ಲಾಕಪ್ಪಿಗೆ ನನ್ನನ್ನ ಹಾಕ್ರಿ."

"ಹೆಂಗಸಿನ ಕೈಯಾಗ ನನ್ನ ಕಾರು ಕೊಡ್ಲಾ?"

"ಹೆಂಗಸಿನ ಷೆಡ್ಡಿನಾಗ ಬಿಟ್ಟು ಹೋಗುವಾಗ ನಾಚಿಕಿ ಬರಲಿಲ್ಲೇನ್ರಿ?"

ಕಾನ್‌ಸ್ಟೇಬಲ್ಲು ನಗು ತಡೆಯಲು ಮುಖ ತಿರುಗಿಸಿದ. ನರಸಣ್ಣನ ಮುಖ ಕೆಂಪಾಯಿತು. ಉರುಕುಂದಪ್ಪ ಅವನತ್ತ ಕೈ ಚಾಚಿದ.

"ಕೀಲಿ ಇತ್ತ ಕೊಡ್ರಿ ನರಸಣ್ಣಾರ. ನೋಡೇ ಬಿಡೋಣು."

ಆದಿಲಕ್ಷ್ಮಿಯನ್ನು ಮನೆಗೆ ಕಳಿಸಲು ಜಟಕಾ ಕರೆಸಿದರು. ಆಕೆ ಜಟಕಾದತ್ತ ತಿರುಗಿಯೂ ನೋಡದೆ ಹಸಿರು ಕಾರಿನ ಹಿಂದಿನ ಬಾಗಿಲು ತೆಗೆದು ಕೂತುಬಿಟ್ಟಳು.

"ನಾನೂ ಬರ್ತೀನಿ ಸಣ್ಣಪ್ಪಾ," ಎಂದಳು. ಬೆಳಗ್ಗಿನಿಂದ ಆಕೆ ಆಡಿದ ಮೊದಲ ಮಾತು ಅದು.

* * *

ಜಿನ್ನಿಂಗ್ ಮಿಲ್ಲುಗಳು ಹಿಂದಾದವು. ಬಂಡಿಗಳಿಂದ ಉದುರಿದ ಹತ್ತಿ ರಸ್ತೆಯ ಎರಡೂ ಬದಿಯ ಜಾಲಿಗಳಿಗೆ ಸಿಕ್ಕಿಕೊಂಡು ಬಿಸಿಲಿನಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು. ಕಲ್ಲುಗುಂಡಿನ ಗುಡ್ಡಗಳು ದಾಟಿದ ಮೇಲೆ ಎರೆಹೊಲಗಳು ಶುರುವಾದವು, ರಸ್ತೆಯ ತಗ್ಗುಗಳೂ ಶುರುವಾದವು.

ವೀರಬಸಮ್ಮ ವೇಗ ಹೆಚ್ಚಿಸಿದಳು.

ಎಡಗಡೆಯ ಗಾಲಿ ಒಂದು ತಗ್ಗಿಗೆ ಬಿತ್ತು, ಎದ್ದಿತು. ಬಿದ್ದದ್ದು ಆ ಗಾಲಿ ಮಾತ್ರ. ಕಾರಿನ ಮೈ ನರಳಲಿಲ್ಲ, ಬಾಗಿಲು ಕಿರುಗುಡಲಿಲ್ಲ, ಹಿಂಭಾಗ ಬಾಲ ಬೀಸಲಿಲ್ಲ. ಎದುರಿಗೆ ಬಂದ ಹತ್ತಿ ಬಂಡಿಗೆ ಆಕೆ ದಾರಿ ಬಿಟ್ಟು ರಸ್ತೆಯಂಚಿನ ಜಲ್ಲಿಗೆ ಇಳಿಸಿ, ಮತ್ತೆ ಹತ್ತಿಸಿದಳು. ಸ್ಟೇರಿಂಗ್ ತಿರುಗಿಸಿದಷ್ಟೇ ಕಾರು ತಿರುಗಿತು, ಹೆಚ್ಚಿಲ್ಲ ಕಮ್ಮಿಯಿಲ್ಲ. ಮುಂದಿನ ಸೀಟಿನಲ್ಲಿ ಉರುಕುಂದಪ್ಪ ಹ್ಯಾಟು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಇನ್ನು ಸಾಕವ್ವಾ, ನಿಧಾನ ಹೋಗು," ಹಿಂದಿನಿಂದ ನರಸಣ್ಣ ಎಂದ.

"ನಿಮ್ಮಣ್ಣ ನಿಧಾನ ಹೋಗ್ತಿದ್ದಿಲ್ಲ. ನಾನೂ ಹೋಗಂಗಿಲ್ಲ."

ದೂರದಲ್ಲಿ ಆ ತಿರುವು ಕಾಣಿಸಿತು. ಗುಡ್ಡದ ಬುಡ ಬಳಸಿ ರಸ್ತೆ ಬಲಕ್ಕೆ ಹೊರಳುವ ಜಾಗ, ಯರ್ರೆಪ್ಪನ ಕಾರು ಬೋರಲು ಬಿದ್ದು ಸಿಕ್ಕ ಜಾಗ. ಅದಕ್ಕೂ ಸಾಕಷ್ಟು ಮೊದಲು ರಸ್ತೆ ಒಂದು ಒಣಹಳ್ಳಕ್ಕೆ ಇಳಿದು ಏರುತ್ತಿತ್ತು. ಅಲ್ಲಿ ಹೆದರುವಂಥದ್ದೇನೂ ಇಲ್ಲ, ನೆಟ್ಟಗಿನ ಇಳಿಜಾರು.

ಕಾರು ಹಳ್ಳಕ್ಕೆ ಇಳಿಯುವ ಮೊದಲೇ ಹಿಂದಿನಿಂದ ಒಂದು ಕೈ ಬಂದು ವೀರಬಸಮ್ಮನ ಭುಜ ಹಿಡಿಯಿತು. ಉಗುರು ಕುಪ್ಪಸದ ಮೂಲಕ ಚರ್ಮಕ್ಕೆ ನಾಟಿತು. ಆದಿಲಕ್ಷ್ಮಿಯ ಕೈ.

ಕಾರು ಹಳ್ಳ ದಾಟಿತು. ಆ ಕೈ ಸಡಿಲವಾಯಿತು, ಭುಜದಿಂದ ಜಾರಿ ಹೋಯಿತು. ಆಮೇಲೆ ತಿರುವು ಬಂತು. ವೀರಬಸಮ್ಮ ಗೇರು ಇಳಿಸಿ ಅದೇ ವೇಗದಲ್ಲಿ ಕಾರನ್ನು ಬಲಕ್ಕೆ ಹೊರಳಿಸಿದಳು. ನರಸಣ್ಣ ದೇವರ ಹೆಸರು ಕೂಗಿದ. ನಾಲ್ಕೂ ಗಾಲಿ ನೆಲ ಕಚ್ಚಿಕೊಂಡು, ಜಲ್ಲಿ ಚಿಮ್ಮಿಸುತ್ತ ಕಾರು ತಿರುವು ದಾಟಿ ನೆಟ್ಟಗಾಗಿ ನಿಂತಿತು.

ಉರುಕುಂದಪ್ಪ ಕೆಳಗಿಳಿದು ಹಿಂದಿನ ಗಾಲಿಯ ಗುರುತು ನೋಡಿದ. "ನೆಲ ಬಿಟ್ಟಿಲ್ಲ," ಎಂದ. "ನನ್ನ ಮಾತು ವಾಪಸ್ ತಗೊಂಡೆ."

"ಆ ಮಾತು ಆಮ್ಯಾಲೆ ಆಡೋಣ್ರಿ." ವೀರಬಸಮ್ಮ ಕೀಲಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಮದಲ ಹಿಂದಕ್ಕ ನಡೀರಿ. ಹಳ್ಳದ ತನಕ."

ನಾಲ್ವರೂ ನಡೆದರು. ವೀರಬಸಮ್ಮ ಎಲ್ಲರಿಗಿಂತ ಮುಂದೆ, ತಲೆ ಬಗ್ಗಿಸಿ ರಸ್ತೆಯನ್ನೇ ನೋಡುತ್ತ ಹೋದಳು. ಹಳ್ಳದ ತಳದಲ್ಲಿ, ಗಾಲಿಜಾಡುಗಳ ನಡುವೆ, ಆಕೆ ಕುಕ್ಕರಗಾಲಲ್ಲಿ ಕೂತಳು. ಕಲ್ಲು ಜಲ್ಲಿಯಲ್ಲಿ ಉದ್ದನೆಯ ಗೀರು, ನೇಗಿಲು ಎಳೆದ ಹಾಗೆ. ಅಲ್ಲಿಂದ ಶುರುವಾಗಿ ತಿರುವಿನ ಕಡೆಗೆ ಸೊಟ್ಟಸೊಟ್ಟಗೆ ಸಾಗಿತ್ತು.

"ಕತ್ತರಿಯ ಎಡಗಾಲು ಕಳಚಿದ್ದು ಇಲ್ಲಿ," ಎಂದಳು. "ತಿರುವಿನಾಗ ಅಲ್ಲ. ಕಾಲು ನೆಲಕ್ಕ ಬಿತ್ತು, ಅದರ ಜೋಡಿ ಅಡ್ಡ ಸಲಾಕಿನೂ ಬಿಟ್ಟಿತು. ಆಕ್ಸಲ್ಲು ಪಕ್ಕಕ್ಕ ಜಾರಿದ ಮ್ಯಾಲೆ ಯಾರು ಹಿಡದ್ರೂ ಕಾರು ನಿಲ್ಲಂಗಿಲ್ಲ. ಇಲ್ಲಿಂದ ತೂರ್ಯಾಡಿ ಹೋಗಿ ತಿರುವಿನಾಗ ಬಿದ್ದೈತಿ."

ಉರುಕುಂದಪ್ಪ ಗೀರಿನ ಮೇಲೆ ಬೂಟಿನ ತುದಿ ಆಡಿಸಿದ. "ನಾವು ಕಾರು ಬಿದ್ದ ಜಾಗ ನೋಡಿ ವಾಪಸ್ ಹೋಗಿದ್ವಿ. ಇಲ್ಲಿ ಯಾರೂ ನೋಡಿದ್ದಿಲ್ಲ."

"ಹೌದಲ್ರಿ? ಯಾರೂ ನೋಡಿದ್ದಿಲ್ಲ." ವೀರಬಸಮ್ಮ ಎದ್ದು ಆದಿಲಕ್ಷ್ಮಿಯ ಎದುರಿಗೆ ಬಂದು ನಿಂತಳು. "ಅಂದ ಮ್ಯಾಲೆ ನೀ ನನ್ನ ಭುಜ ಇಲ್ಲಿ ಯಾಕ ಹಿಡದೆ, ತಂಗಿ? ತಿರುವಿನಾಗ ಹಿಡೀಲಿಲ್ಲ. ಅಲ್ಲಿ ನೀ ಸುಮ್ನಿದ್ದಿ. ಇಲ್ಲಿ ಹೆದರಿದಿ."

"ಆಕಿನ್ನ ಬಿಡು," ನರಸಣ್ಣ ನಡುವೆ ಬಂದ. "ಅಪ್ಪನ್ನ ಕಳಕೊಂಡಾಳ, ಎಲ್ಲಿ ಬೇಕಾದ್ರೂ ಹೆದರ್ತಾಳ. ಸಾಹೇಬ್ರ, ನಾ ಕೇಸು ವಾಪಸ್ ತಗೊಳ್ತೀನಿ. ಮೌಲಾಲಿನ್ನ ಬಿಟ್ಟುಬಿಡ್ರಿ. ಆಗಿದ್ದು ಆತು."

ಗಾಳಿ ಬೀಸಿ ಜಾಲಿಯ ಹತ್ತಿ ಹಾರಿತು. ಮುಂಜಾನೆ ಮೌಲಾಲಿಗೆ ಗಲ್ಲು ಆಗಬೇಕು ಎಂದಿದ್ದವನು ಇವನೇ.

"ಈಗ ನಾ ಬಿಡಂಗಿಲ್ಲ," ವೀರಬಸಮ್ಮ ಎಂದಳು. "ನನ್ನ ಷೆಡ್ಡಿಗೆ ಬೀಗ ಜಡಿಸಿ, ನನ್ನ ಮನಷ್ಯಾನ ಮೈಮ್ಯಾಲೆ ಲಾಠಿ ಆಡಿಸಿ, ಆಗಿದ್ದು ಆತು ಅಂದ್ರ ಆತೇನು?"

"ಸಣ್ಣಪ್ಪಾ, ನೀ ಸರಿ." ಆದಿಲಕ್ಷ್ಮಿ ಚಿಕ್ಕಪ್ಪನ ತೋಳು ಪಕ್ಕಕ್ಕೆ ತಳ್ಳಿದಳು. ಸೆರಗು ಹಿಂದಕ್ಕೆ ಸರಿಸಿದಳು. ಹಣೆಯ ಮೇಲೆ, ಕೂದಲಿನಂಚಿನಲ್ಲಿ, ಕಪ್ಪಗೆ ಒಣಗಿದ ಗಾಯ.

"ಬಾಯಿ ಮುಚ್ಚು ಆದೀ!"

"ಮುಚ್ಚಂಗಿಲ್ಲ. ಇಷ್ಟು ದಿನ ಮುಚ್ಚಿದ್ದಽ ಹೆಚ್ಚಾತು." ಆಕೆ ಇನ್‌ಸ್ಪೆಕ್ಟರನನ್ನು ನೇರವಾಗಿ ನೋಡಿದಳು. "ಕಾರು ಓಡಿಸ್ತಿದ್ದಾಕಿ ನಾನು. ಅಪ್ಪ ಪಕ್ಕದಾಗ ಕುಂತಿದ್ದ. ಅವನಽ ಕಲಿಸಿದ್ದ, ಈ ರಸ್ತಿಯೊಳಗಽ. ಹಳ್ಳಕ್ಕ ಇಳಿದ ಕೂಡಲೆ ಕೆಳಗ ಧಡ್ ಅಂತು. ಸ್ಟೇರಿಂಗ್ ನನ್ನ ಮಾತು ಕೇಳಲಿಲ್ಲ. ಆಮ್ಯಾಲೆ ಏನೂ ನೆನಪಿಲ್ಲ. ಎಚ್ಚರ ಆದಾಗ ನಮ್ಮ ಪ್ರೆಸ್ಸಿನ ಹಿಂದಲ ಬಾಗಲದಾಗ ಬಿದ್ದಿದ್ದೆ."

"ಅಲ್ಲಿಗೆ ಹೆಂಗ ಬಂದಿ?" ಉರುಕುಂದಪ್ಪ ಕೇಳಿದ.

"ಗೊತ್ತಿಲ್ಲ."

"ನನಗೂ ಗೊತ್ತಿಲ್ಲ ಸಾಹೇಬ್ರ," ನರಸಣ್ಣನ ದನಿ ಒಡೆಯಿತು. "ಯಾರೋ ಬಂಡಿಯವ ತಂದು ಹಾಕಿರಬೇಕು ಅನಕೊಂಡೆ. ಅಣ್ಣ ಅಂತೂ ಹೋದ. ಹುಡುಗಿ ಕಾರು ಓಡಿಸಿ ಅಪ್ಪನ್ನ ಕೊಂದ್ಳು ಅಂತ ಊರು ಅಂದ್ರ ಈಕಿ ಬಾಳು ಏನಾಗತೈತಿ? ಕತ್ತರಿ ಮುರಿದಿದ್ದು ಖರೇನಽ ಇತ್ತು. ಮೌಲಾಲಿ ಮ್ಯಾಲೆ ಹೇಳಿದೆ."

ವೀರಬಸಮ್ಮನಿಗೆ ಎದೆಯಲ್ಲಿ ಬೆಂಕಿ ಹೊತ್ತಿತು. ಈ ಹುಡುಗಿಯ ಮಾನ ಉಳಿಸಲು ಮೌಲಾಲಿಯನ್ನು ಕಂಬಿಯ ಹಿಂದೆ ಕೂರಿಸಿದ್ದರು. ಕೆನ್ನೆಗೆ ಒಂದು ಬಾರಿಸಬೇಕು ಎನಿಸಿತು. ಆದರೆ ಆದಿಲಕ್ಷ್ಮಿಯ ಕಣ್ಣು ಕೆಳಗಾಗಿರಲಿಲ್ಲ. ಬಾರಿಸಲು ಎತ್ತಬೇಕೆಂದಿದ್ದ ಕೈಯನ್ನು ಆಕೆ ಆ ಹುಡುಗಿಯ ತಲೆಯ ಮೇಲಿಟ್ಟಳು.

"ಕೇಳಿಲ್ಲಿ. ಅಪ್ಪನ್ನ ನೀ ಕೊಂದಿಲ್ಲ. ಆ ವೆಲ್ಡಿಂಗ್ ಹಾಕಿದವ ಕೊಂದಾನ. ಇನ್ನೊಮ್ಮೆ ಯಾರರ ನಿನ್ನ ಮುಂದ ಬ್ಯಾರೆ ಹೇಳಿದ್ರ ನನ್ನ ಹತ್ರ ಕಳಿಸು."

ಅಷ್ಟರಲ್ಲಿ ಹಳ್ಳದ ಮೇಲ್ಗಡೆಯಿಂದ ಕುರಿಗಳು ಇಳಿದುಬಂದವು. ಹಿಂದೆ ಕಂಬಳಿ ಹೆಗಲಿಗೆ ಹಾಕಿದ ಒಬ್ಬ ಮುದುಕಿ, ಕೈಯಲ್ಲಿ ಕೋಲು. ಪೊಲೀಸ್ ಟೊಪ್ಪಿಗೆ ಕಂಡು ಆಕೆ ದಾರಿ ಬದಲಿಸಹೋದಳು. ಆದಿಲಕ್ಷ್ಮಿಯ ಮುಖ ಕಂಡು ನಿಂತಳು. ಕುರಿಗಳನ್ನು ಬಿಟ್ಟು ದಡದಡ ಇಳಿದು ಬಂದಳು.

"ಬದುಕಿದಿ ಏನವ್ವಾ?" ಹುಡುಗಿಯ ಕೆನ್ನೆ ಸವರಿ ಲಟಿಕೆ ಮುರಿದಳು. "ನಾನವ್ವಾ, ಲಿಂಗಕ್ಕ. ನಿನ್ನ ಹಣಿ ಒರಸಿದಾಕಿ. ಆವತ್ತಽ ಕುರಿ ಹೊಡಕೊಂಡು ಆಲೂರು ಕಡಿ ಹೋದೆ, ಈಗಽ ಬರಾಕತ್ತೀನಿ. ನಿಮ್ಮಪ್ಪ ಹೆಂಗದಾನ?"

ಆದಿಲಕ್ಷ್ಮಿ ಮುದುಕಿಯ ಕೈ ಹಿಡಿದುಕೊಂಡಳು.

"ಅವರಪ್ಪ ತೀರಿಕೊಂಡ," ಉರುಕುಂದಪ್ಪ ಹೇಳಿದ. "ಕಾರಿನ ಪಕ್ಕದಾಗ ತಲಿ ಒಡದು ಬಿದ್ದಿದ್ದ. ಬಸ್ಸಿನವರು ನೋಡಿದ್ರು."

"ಏ, ಸುಳ್ಳು!" ಲಿಂಗಕ್ಕ ಕೋಲು ನೆಲಕ್ಕೆ ಕುಟ್ಟಿದಳು. "ತಲಿ ಎಲ್ಲಿ ಒಡದಿತ್ತು? ಮೊಣಕಾಲು ತರಚಿತ್ತು, ಅಷ್ಟಽ. ತಾನಽ ಕಾರಿನಾಗಿಂದ ತೆವಳಿ ಹೊರಗ ಬಂದ. ಈ ಕೂಸನ್ನ ನಾವಿಬ್ರೂ ಕೂಡಿ ಎಳದು ಹೊರಗ ಹಾಕಿದ್ವಿ. ನನ್ನ ಸೋರೆಬುರುಡಿ ನೀರು ಕುಡದ. 'ನನ್ನ ಮಗಳನ್ನ ಉಳಿಸವ್ವಾ' ಅಂತ ಅಳತಿದ್ದ. ಅಷ್ಟೊತ್ತಿಗೆ ಕಾರು ಬಂತು. ಅವರ ಮಂದಿ ಬಂದ್ರು ಅಂತ ನಾ ಕುರಿ ಹಿಂದ ಹೋದೆ."

"ಯಾವ ಕಾರು?"

ಲಿಂಗಕ್ಕ ಕಣ್ಣಿಗೆ ಕೈ ಅಡ್ಡ ಹಿಡಿದು ತಿರುವಿನತ್ತ ನೋಡಿದಳು. ಗುಡ್ಡದ ಬುಡದಲ್ಲಿ ಹಸಿರು ಕಾರಿನ ಹಿಂಭಾಗ ಕಾಣುತ್ತಿತ್ತು.

"ಅದಽ," ಎಂದಳು.

ಇನ್‌ಸ್ಪೆಕ್ಟರನ ಕೈ ನರಸಣ್ಣನ ತೋಳಿನ ಮೇಲೆ ಬಿತ್ತು. ನರಸಣ್ಣ ಕೊಸರಿಕೊಳ್ಳಲಿಲ್ಲ. ತನ್ನ ಕಾರನ್ನೇ ದಿಟ್ಟಿಸುತ್ತಿದ್ದ. ಆಮೇಲೆ ನಿಧಾನವಾಗಿ ವೀರಬಸಮ್ಮನ ಕಡೆ ತಿರುಗಿದ.

"ಆ ದಿನ ನನ್ನ ಕಾರು ಎಲ್ಲಿತ್ತು, ನೀನಽ ಹೇಳವ್ವಾ."

ವೀರಬಸಮ್ಮನಿಗೆ ನೆನಪಾಯಿತು. ಆ ದಿನ ಬೆಳಗ್ಗೆ ನರಸಣ್ಣ ಸ್ಪ್ರಿಂಗಿಗೆ ಗ್ರೀಸು ತುಂಬಲು ಕಾರು ಬಿಟ್ಟು ಹೋಗಿದ್ದ. ಕೀಲಿ ತೆಗೆದುಕೊಂಡವಳು ತಾನೇ. ಮೌಲಾಲಿಯ ಕೈಗೆ ಕೊಟ್ಟು, ಸಾಮಾನು ತರಲು ರೈಲು ಹತ್ತಿ ಬಳ್ಳಾರಿಗೆ ಹೋಗಿದ್ದಳು. ಸಂಜೆ ವಾಪಸಾದಾಗ ಕಾರು ತೊಳೆದು ಒರೆಸಿ ಷೆಡ್ಡಿನ ಮುಂದೆ ನಿಂತಿತ್ತು.

"ನಮ್ಮ ಷೆಡ್ಡಿನಾಗಿತ್ತು," ಎಂದಳು. ಸುಳ್ಳು ಹೇಳುವುದು ಆಕೆಯಿಂದ ಆಗಲಿಲ್ಲ.

ಉರುಕುಂದಪ್ಪ ಲಿಂಗಕ್ಕನನ್ನು ಕೇಳಿದ. "ಕಾರಿನಾಗಿಂದ ಇಳಿದವ ಹೆಂಗಿದ್ದ ಅಜ್ಜಿ?"

"ದೂರ ಇದ್ದೆಪ್ಪಾ, ಮುಖ ಕಾಣಲಿಲ್ಲ. ಇವರಪ್ಪ ಎದ್ದು ನಿಂತು ಎರಡೂ ಕೈ ಎತ್ತಿ ಕರದ, ಅದಷ್ಟು ಕೇಳಿಸ್ತು. 'ಮೌಲಾಲಿ, ದೇವರು ಬಂದಂಗ ಬಂದೆಪ್ಪಾ' ಅಂದ."

ಕುರಿಗಳು ಹಳ್ಳ ದಾಟಿ ಆಚೆ ದಂಡೆ ಹತ್ತುತ್ತಿದ್ದವು. ಆದಿಲಕ್ಷ್ಮಿ ವೀರಬಸಮ್ಮನ ಕೈಯನ್ನು ತನ್ನ ತಲೆಯಿಂದ ಮೆಲ್ಲಗೆ ತೆಗೆದಳು.

"ಅವ ಯಾಕ ಬಾಯಿ ಬಿಡಲಿಲ್ಲ ಅಂತ ಈಗ ತಿಳೀತಲ್ಲಮ್ಮಾ," ಉರುಕುಂದಪ್ಪ ಎಂದ. ಅವನ ದನಿಯಲ್ಲಿ ಗೆದ್ದ ಸಂತೋಷ ಇರಲಿಲ್ಲ.

"ನನಗ ತಿಳೀಲಿಲ್ಲ," ವೀರಬಸಮ್ಮ ಎಂದಳು. ಕೀಲಿ ಸೊಂಟದಿಂದ ತೆಗೆದಳು. ಮುಷ್ಟಿ ಬಿಗಿದುಕೊಂಡಳು. "ಹತ್ರಿ ಎಲ್ಲಾರೂ. ಅಜ್ಜಿ, ನೀನೂ ಬಾ."

"ಎಲ್ಲಿಗೆ?"

"ಲಾಕಪ್ಪಿಗೆ. ಮೌಲಾಲಿ ಖರೇ ಹೇಳ್ತಾನೋ ಸುಳ್ಳು ಹೇಳ್ತಾನೋ, ನನ್ನ ಮುಖ ನೋಡಿ ಹೇಳ್ಲಿ."